ಥರ್ಮೋಕೋಲಿನಲ್ಲಿ 240 ಸೆಂ.ಮೀ. ಕಲ್ಲಿನ ತಲೆ, ಆಮೇಲೆ ಗೇಣುದ್ದದ ಕಂಚಿನ ತಲೆ: ಕೆಲಸದ ದಾಖಲೆ

ಕೆಲಸ ಎರಡು. ಮೊದಲನೆಯದು ಸಿನಿಮಾ ಸೆಟ್ಟಿಗೆ: ಕುತ್ತಿಗೆಯ ಬಳಿ ಮುರಿದು ನೆಲದ ಮೇಲೆ ನಿಂತಿರುವ, ಬಿರುಕು ಬಿಟ್ಟ ಕಲ್ಲಿನ ತಲೆ. ಎತ್ತರ 240 ಸೆಂ.ಮೀ., ಅಗಲ 170, ಆಳ 190. ಎರಡನೆಯದು ಸ್ವಂತದ್ದು: 24 ಸೆಂ.ಮೀ. ಎತ್ತರದ ಬೇರೊಂದು ತಲೆ, ಸಿಲಿಕೋನ್ ಅಚ್ಚಿನಲ್ಲಿ ತೆಗೆದ ಕಂಚುಪುಡಿ ಎರಕ. ಸೆಟ್ಟಿನ ಮುಖವನ್ನೇ ಸ್ವಂತಕ್ಕೆ ಬಳಸಿಲ್ಲ. ಚಿತ್ರಕ್ಕಾಗಿ ಮಾಡಿದ ವಿನ್ಯಾಸದ ಹಕ್ಕು ಸಾಮಾನ್ಯವಾಗಿ ಒಪ್ಪಂದದಂತೆ ನಿರ್ಮಾಪಕರದ್ದು. ತಿರಸ್ಕೃತವಾದ ಮೊದಲ ಮಾದರಿಗೂ ಅದೇ ಒಪ್ಪಂದ ಅನ್ವಯಿಸುತ್ತದೆ. ಬರಹದಲ್ಲಿ ಅನುಮತಿ ಇಲ್ಲದೆ ಅದರ ಅಚ್ಚು ತೆಗೆಯಬಾರದು.

ಎರಡನ್ನೂ ಒಂದೇ ಕಡೆ ಬರೆಯಲು ಕಾರಣವಿದೆ. ಆಕಾರವನ್ನು ಹತ್ತು ಪಟ್ಟು ಹಿಗ್ಗಿಸಬಹುದು, ಮೇಲ್ಮೈಯನ್ನು ಹಿಗ್ಗಿಸಲಾಗದು. ದೊಡ್ಡ ತಲೆಯಲ್ಲಿ ಮತ್ತೆ ಕೆತ್ತಬೇಕಾಗಿ ಬಂದ ಜಾಗಗಳೆಲ್ಲ ಹೆಚ್ಚುಕಡಿಮೆ ಇದನ್ನು ಮರೆತ ಜಾಗಗಳೇ.

ಹಂತ 1: ನಕ್ಷೆ, ಪ್ರಶ್ನೆಗಳು, ಪುಟ್ಟ ಮಾದರಿ

ಕಲಾ ವಿಭಾಗದಿಂದ ಬರುವುದು ಮುಂಭಾಗದ ಒಂದು ಚಿತ್ರ ಮತ್ತು ಎತ್ತರದ ಒಂದು ಸಂಖ್ಯೆ. ಅಷ್ಟರಿಂದ ಕೆಲಸ ಶುರು ಮಾಡಲಾಗದು. ಮಣ್ಣು ಮುಟ್ಟುವ ಮೊದಲೇ ಇವಕ್ಕೆ ಉತ್ತರ ಬೇಕು: ಕ್ಯಾಮೆರಾ ಅತಿ ಹತ್ತಿರ ಬರುವುದು ಎಷ್ಟು ದೂರಕ್ಕೆ, ಯಾವ ಪಕ್ಕ, ಮುಖ್ಯ ಬೆಳಕು ಎಲ್ಲಿಂದ, ನಟರು ಇದನ್ನು ಮುಟ್ಟುತ್ತಾರೋ ಒರಗುತ್ತಾರೋ ಹತ್ತುತ್ತಾರೋ, ಸೆಟ್ಟಿನ ಬಾಗಿಲು ಎಷ್ಟು ಅಗಲ. ಇಲ್ಲಿ ಸಿಕ್ಕ ಉತ್ತರ: 3 ಮೀಟರ್, ತಲೆಯ ಎಡಪಕ್ಕ, ಮೇಲಿನಿಂದ ಓರೆ ಬೆಳಕು, ದವಡೆಗೆ ಒರಗುತ್ತಾರೆ ಆದರೆ ಹತ್ತುವುದಿಲ್ಲ. ‘ಹತ್ತುತ್ತಾರೆ’ ಎಂದಿದ್ದರೆ ಒಳಚೌಕಟ್ಟಿನ ಲೆಕ್ಕವೇ ಬೇರೆ. ಆ ಮಾತು ಮಧ್ಯದಲ್ಲಿ ಬದಲಾಗುವುದು ಅಪರೂಪವೇನಲ್ಲ, ಆದ್ದರಿಂದ ಉತ್ತರ ಬಾಯಿಮಾತಿನಲ್ಲಿ ಉಳಿಯದೆ ನಕ್ಷೆಯ ಮೇಲೆ ಸಹಿಯೊಂದಿಗೆ ಇರಲಿ.

ಮಾದರಿಯ ಪ್ರಮಾಣ 1:10, ಗಂಧಕವಿಲ್ಲದ, ಒಣಗದ ಎಣ್ಣೆಮಣ್ಣಾದ ಪ್ಲಾಸ್ಟಿಲಿನ್‌ನಲ್ಲಿ. 18 ಮಿ.ಮೀ. ಪ್ಲೈವುಡ್ ಹಲಗೆ, ನಡುವೆ 12 ಮಿ.ಮೀ. ತಿರುಪುಗೆರೆಯ ಸರಳು, ಅದರ ಸುತ್ತ ಬಿಗಿಯಾಗಿ ಮುದ್ದೆ ಮಾಡಿದ ಅಲ್ಯೂಮಿನಿಯಂ ಹಾಳೆ, ಮೇಲೆ 2ರಿಂದ 3 ಸೆಂ.ಮೀ. ಪ್ಲಾಸ್ಟಿಲಿನ್. ಹಾಳೆಯ ಮುದ್ದೆ ಸಡಿಲವಾಗಿದ್ದರೆ ಒತ್ತಿದಾಗ ಮುಖವೇ ಒಳಕ್ಕೆ ಕುಸಿಯುತ್ತದೆ. ಮೊದಲು ಸುತ್ತಿಗೆಯಿಂದ ತಟ್ಟಿ ಗಟ್ಟಿ ಮಾಡಿ, ತೆಳು ತಂತಿ ಸುತ್ತಿ, ಆಮೇಲೆ ಮಣ್ಣು ಹಾಕಬೇಕು.

ಒಪ್ಪಿಗೆಗೆ ತೋರಿಸುವ ಫೋಟೋ ಎಲ್ಲಿಂದ ತೆಗೆಯುತ್ತೇವೆ ಎನ್ನುವುದು ಮುಖ್ಯ. ನಿಂತ ಮನುಷ್ಯನ ಕಣ್ಣು ಸುಮಾರು 160 ಸೆಂ.ಮೀ. ಎತ್ತರದಲ್ಲಿದ್ದರೆ ಮಾದರಿಯ ಲೆಕ್ಕದಲ್ಲಿ 16 ಸೆಂ.ಮೀ. ಫೋನಿನ ಲೆನ್ಸನ್ನು ಹಲಗೆಯಿಂದ 16 ಸೆಂ.ಮೀ. ಮೇಲೆ, 30 ಸೆಂ.ಮೀ. ದೂರದಲ್ಲಿಟ್ಟು ನೋಡಿದಾಗ ಹಣೆ ಹಿಂದಕ್ಕೆ ವಾಲಿ ತಲೆ ಚಪ್ಪಟೆಯಾಗಿ ಕಾಣಿಸಿತು. ಮೇಜಿನ ಮೇಲೆ ಬಗ್ಗಿ ನೋಡುವಾಗ ಅದೇ ತಲೆ ಸರಿಯಾಗಿತ್ತು. ಹುಬ್ಬಿನಿಂದ ನೆತ್ತಿಯವರೆಗಿನ ಭಾಗವನ್ನು 15 ಮಿ.ಮೀ.ನಷ್ಟು ಎತ್ತರಿಸಿ, ಅಷ್ಟನ್ನೇ ಕುತ್ತಿಗೆಯಲ್ಲಿ ಕತ್ತರಿಸಿದ ಮೇಲೆ ಸರಿಹೋಯಿತು.

ಕಣ್ಣಿನ ಪ್ರಶ್ನೆಯನ್ನೂ ಇಲ್ಲೇ ತೀರ್ಮಾನಿಸಬೇಕು. ರೋಮನ್ ಅಮೃತಶಿಲೆಗಳಲ್ಲಿ ಕಣ್ಣುಪಾಪೆಯನ್ನು ಕೊರೆಯುವುದು ರೂಢಿಯಾದದ್ದು ಕ್ರಿ.ಶ. 2ನೇ ಶತಮಾನದಲ್ಲಿ, ಹೇಡ್ರಿಯನ್ನನ ಕಾಲದಿಂದೀಚೆಗೆ. ಅದಕ್ಕೂ ಹಿಂದೆ ಪಾಪೆಯನ್ನು ಹೆಚ್ಚಾಗಿ ಬಣ್ಣದಲ್ಲಿ ಬರೆಯುತ್ತಿದ್ದರು, ಬಣ್ಣ ಹೋದಮೇಲೆ ಉಳಿದದ್ದು ನುಣುಪು ಗುಡ್ಡೆ. ಕಥೆಯ ಕಾಲಕ್ಕೆ ತಕ್ಕಂತೆ ಇವೆರಡರಲ್ಲಿ ಒಂದನ್ನು ಆರಿಸಬೇಕು. ಈ ತಲೆಗೆ ಕೊರೆದ ಪಾಪೆ. 3 ಮೀಟರ್ ದೂರದಿಂದ ನೋಟಕ್ಕೆ ದಿಕ್ಕು ಕೊಡುವುದು ಆ ಕುಳಿಯೊಳಗಿನ ನೆರಳು ಮಾತ್ರ, ಆದ್ದರಿಂದ ಇದು ಬರೀ ಅಲಂಕಾರವಲ್ಲ.

ಹಂತ 2: ತೂಕದ ಲೆಕ್ಕ

ತಲೆಯನ್ನು ಮೊಟ್ಟೆಯಾಕಾರ ಎಂದುಕೊಂಡರೆ ಘನಗಾತ್ರ ಸುಮಾರು 4 ಘನಮೀಟರ್, ಮೇಲ್ಮೈ 12.5 ಚದರ ಮೀಟರ್. ಘನಮೀಟರಿಗೆ 20 ಕಿಲೋ ಸಾಂದ್ರತೆಯ ಥರ್ಮೋಕೋಲ್ ಆದರೆ 80 ಕಿಲೋ. ಗಟ್ಟಿ ಲೇಪ ಸರಾಸರಿ 4 ಮಿ.ಮೀ. ಎಂದರೆ ಚದರ ಮೀಟರಿಗೆ 7 ಕಿಲೋ, ಒಟ್ಟು 88. ಮೇಲ್ಮೈಯ ಉಬ್ಬುತಗ್ಗು, ವ್ಯರ್ಥ ಸೇರಿ 100 ಕಿಲೋ. ಅಂದರೆ ಮೇಲಿನ ಸಿಪ್ಪೆಯೇ ಒಳಗಿನ ದೇಹಕ್ಕಿಂತ ಭಾರ.

ಈ ಲೆಕ್ಕ ಮಾಡದವರು ಮೊದಲು ಕೇಳುವುದು ‘ಒಳಗೆ ಟೊಳ್ಳು ಮಾಡಿದರೆ ಹಗುರವಾಗುವುದಿಲ್ಲವೇ’ ಎಂದು. ಅರ್ಧ ಥರ್ಮೋಕೋಲ್ ತೆಗೆದರೂ ಕಡಿಮೆಯಾಗುವುದು 40 ಕಿಲೋ, ಬದಲಿಗೆ ಲೇಪ ಬಾಗದಂತೆ ಒಳಗೆ ಇನ್ನಷ್ಟು ಕಬ್ಬಿಣ ಬೇಕಾಗುತ್ತದೆ. ತೂಕ ಇಳಿಸಬೇಕಿದ್ದರೆ ಲೇಪದ ದಪ್ಪ ನೋಡಿ. ಹಿಂಭಾಗ ಕ್ಯಾಮೆರಾಗೆ ಕಾಣದಿದ್ದರೆ ಅಲ್ಲಿ 2 ಮಿ.ಮೀ. ಸಾಕು.

ಸಾಂದ್ರತೆ 15 ಇರುವ ಹಾಳೆ ಅಗ್ಗ, ಆದರೆ ಕೆತ್ತುವಾಗ ಮಣಿಮಣಿಯಾಗಿ ಕಿತ್ತುಬರುತ್ತದೆ. 30 ಇದ್ದರೆ ರೆಪ್ಪೆ, ತುಟಿಯ ಅಂಚು ಚೂಪಾಗಿ ನಿಲ್ಲುತ್ತದೆ. ಇಡೀ ತಲೆಗೆ 20, ಕಣ್ಣು ಮೂಗು ಬಾಯಿಯ ಜಾಗಕ್ಕೆ 30ರ ತುಂಡುಗಳನ್ನು ಕೂರಿಸಿದ್ದು ಒಳ್ಳೆಯ ಹೊಂದಾಣಿಕೆ. ಎರಡಕ್ಕೂ ಬೆಂಕಿ ನಿರೋಧಕ ದರ್ಜೆಯೇ ಬೇಕು. ದೀಪಗಳ ಬಿಸಿ ತಾಗುವ ಸೆಟ್ಟಿನಲ್ಲಿ ಸಾಮಾನ್ಯ ದರ್ಜೆ ತರಬಾರದು.

ಹಂತ 3: ಸೀಳು ಮತ್ತು ಚೌಕಟ್ಟು

ಬಾಗಿಲು ದಾಟಬೇಕಾದರೆ ತಲೆ ಎರಡಾಗಬೇಕು. ಎಡ ಹಣೆಯ ಪಕ್ಕದಿಂದ ಮೂಗಿನ ಸೇತುವೆಯ ಮೇಲೆ ಹಾದು ಬಲ ದವಡೆಗೆ ಇಳಿಯುವ ಬಿರುಕು ವಿನ್ಯಾಸದಲ್ಲೇ ಇತ್ತು, ಅದೇ ಸೀಳುಗೆರೆಯಾಯಿತು. ಸಂದನ್ನು ಮುಚ್ಚುವ ಕೆಲಸವೇ ಬೇಡವಾಯಿತು. ಚಿತ್ರದಲ್ಲಿ ಬಿರುಕು ಇಲ್ಲದಿದ್ದರೆ ಕೂದಲ ಗೆರೆ, ಕಿರೀಟದ ಅಂಚು, ಗಡ್ಡದ ಅಡಿ, ಹೀಗೆ ನೆರಳು ಬೀಳುವ ಗೆರೆಯೊಂದನ್ನು ಹುಡುಕಬೇಕು. ಕೆನ್ನೆಯ ನಡುವೆ ಸೀಳು ಹಾಕಿದರೆ ಎಷ್ಟು ತುಂಬಿದರೂ ಓರೆ ಬೆಳಕು ಅದನ್ನು ತೋರಿಸಿಕೊಡುತ್ತದೆ.

ಚೌಕಟ್ಟಿಗೆ 40×40×2 ಮಿ.ಮೀ. ಚೌಕ ಕೊಳವೆ, ಎರಡೂ ಭಾಗ ಸೇರಿ 12 ಮೀಟರ್, ಮೀಟರಿಗೆ 2.4 ಕಿಲೋದಂತೆ 29 ಕಿಲೋ. ತಳದಲ್ಲಿ 18 ಮಿ.ಮೀ. ಪ್ಲೈವುಡ್. ಮೇಲಿನ ಭಾಗದ ಚೌಕಟ್ಟಿಗೆ ನೆತ್ತಿಯ ಕಡೆ ಮೂರು ಎಂ12 ನಟ್ಟುಗಳನ್ನು ಬೆಸುಗೆ ಹಾಕಿದ್ದು, ಎತ್ತುವಾಗ ಅವಕ್ಕೆ ಕೊಂಡಿ ಬೋಲ್ಟು ತಿರುಗಿಸಬೇಕು. ಉಳಿದ ಸಮಯದಲ್ಲಿ ಆ ರಂಧ್ರಗಳಿಗೆ ಥರ್ಮೋಕೋಲ್ ಬಿರಡೆ. ಕೊಂಡಿಯನ್ನು ಥರ್ಮೋಕೋಲಿಗೆ ಅಂಟಿಸಿದ ಮರಕ್ಕೆ ಹಾಕಿ ಎತ್ತಿದರೆ ಮರ ಮಾತ್ರ ಮೇಲೆ ಬರುತ್ತದೆ.

ಎರಡು ಭಾಗಗಳ ನಡುವಿನ ಗೂಟಗಳ ವಿಷಯದಲ್ಲಿ ಎಚ್ಚರ ಬೇಕು. ಸೀಳು ಓರೆಯಾಗಿದೆ ಎಂದು ಗೂಟಗಳನ್ನು ಸೀಳಿನ ಮುಖಕ್ಕೆ ಲಂಬವಾಗಿ ನಿಲ್ಲಿಸುವುದು ಸಹಜ. ಹಾಗೆ ಬೆಸುಗೆ ಹಾಕಿದ ಮೊದಲ ಜೋಡಣೆ ಕೂರಲೇ ಇಲ್ಲ, ಏಕೆಂದರೆ ಸರಪಳಿಯಲ್ಲಿ ನೇತಾಡುವ ಭಾಗ ಇಳಿಯುವುದು ನೇರ ಕೆಳಕ್ಕೆ, ಓರೆಯಾಗಿ ಅಲ್ಲ. ಗೂಟಗಳು ಎತ್ತುವ ದಿಕ್ಕಿಗೆ ಸಮಾನಾಂತರವಾಗಿರಬೇಕು. 48 ಮಿ.ಮೀ. ಕೊಳವೆಯ ಮೂರು ಗೂಟ, ಅವು ಕೂರುವ ತೂತಿಗೆ ಒಟ್ಟು 3 ಮಿ.ಮೀ. ಸಡಿಲ, ಗೂಟದ ತುದಿಗೆ 5 ಸೆಂ.ಮೀ. ಮೊನಚು. ಒಂದು ಗೂಟ ಉಳಿದೆರಡಕ್ಕಿಂತ 10 ಸೆಂ.ಮೀ. ಉದ್ದವಿರಲಿ. ಮೂರನ್ನೂ ಒಟ್ಟಿಗೆ ತೂತಿಗೆ ಹೊಂದಿಸುವುದಕ್ಕಿಂತ ಒಂದನ್ನು ಮೊದಲು ಕೂರಿಸಿ ತಿರುಗಿಸಿಕೊಳ್ಳುವುದು ಸುಲಭ. ಓರೆ ಸೀಳಿನಲ್ಲಿ ಮೇಲಿನ ಭಾಗ ಸದಾ ಜಾರಲು ನೋಡುತ್ತದೆ, ಆ ಅಡ್ಡ ಒತ್ತಡವನ್ನು ಹೊರುವುದೂ ಇದೇ ಗೂಟಗಳು.

ಹಂತ 4: ಪದರ ಜೋಡಿಸುವುದು

10 ಸೆಂ.ಮೀ. ದಪ್ಪದ ಹಾಳೆ, 24 ಪದರ. ಮಾದರಿಯ ಪ್ರತಿ 1 ಸೆಂ.ಮೀ.ಗೆ ಒಂದು ಪದರ. ಮಾದರಿಯನ್ನು ಸ್ಕ್ಯಾನ್ ಮಾಡಿ ಅಡ್ಡಕೊಯ್ತದ ಗೆರೆಗಳನ್ನು ಮುದ್ರಿಸಿದರೆ ಬೇಗ. ಸ್ಕ್ಯಾನರ್ ಇಲ್ಲದಿದ್ದರೆ ಮಾದರಿಯ ಪಕ್ಕ 1 ಸೆಂ.ಮೀ. ಗುರುತಿನ ಕಡ್ಡಿ ನಿಲ್ಲಿಸಿ ಕ್ಯಾಲಿಪರ್‌ನಿಂದ ಪ್ರತಿ ಮಟ್ಟದ ಅಗಲ, ಆಳ ತೆಗೆದರೂ ಸಾಕು. ಪ್ರತಿ ಪದರವನ್ನು ಗೆರೆಗಿಂತ 3 ಸೆಂ.ಮೀ. ಹೊರಗೆ ಕತ್ತರಿಸಬೇಕು. 120×240 ಸೆಂ.ಮೀ.ಯ ಹಾಳೆಗಳು 26 ಹಿಡಿದವು. ಅಗಲವಾದ ಪದರಗಳಿಗೆ ಎರಡು ತುಂಡು, ಮೇಲಿನ ಪದರದ ಸಂದು ಕೆಳಗಿನ ಸಂದಿನ ಮೇಲೆ ಬರದಂತೆ ಅಡ್ಡಡ್ಡ ತಿರುಗಿಸಿ ಇಟ್ಟದ್ದು.

ಬಿಸಿತಂತಿ ಬಿಲ್ಲಿಗೆ 0.5 ಮಿ.ಮೀ. ನೈಕ್ರೋಮ್ ತಂತಿ, ಉದ್ದ 120 ಸೆಂ.ಮೀ., ಒಂದು ತುದಿಗೆ ಸ್ಪ್ರಿಂಗ್. ಸ್ಪ್ರಿಂಗ್ ಇಲ್ಲದಿದ್ದರೆ ಬಿಸಿಯಾದ ತಂತಿ ಉದ್ದವಾಗಿ ಜೋತುಬೀಳುತ್ತದೆ. ತಂತಿ ಕೆಂಪಗಾದರೆ ಬಿಸಿ ಹೆಚ್ಚಾಯಿತು ಎಂದರ್ಥ: ಕೊಯ್ತ ಅಗಲವಾಗುತ್ತದೆ, ಹೊಗೆಯೂ ಹೆಚ್ಚು. ಕೆಂಪಾಗದೆ, ತಳ್ಳದೆ, ತನ್ನ ತೂಕಕ್ಕೆ ತಾನೇ ಇಳಿಯುವ ಬಿಸಿ ಸರಿ. ಅವಸರದಿಂದ ಎಳೆದರೆ ತಂತಿಯ ನಡುಭಾಗ ಹಿಂದುಳಿದು ಕೊಯ್ತ ಬಾಗುತ್ತದೆ. ಹೊಗೆಯಲ್ಲಿ ಸ್ಟೈರೀನ್ ಇರುತ್ತದೆ. ಧೂಳಿನ ಮುಖಗವಸು ಅದನ್ನು ತಡೆಯುವುದಿಲ್ಲ, ಸಾವಯವ ಆವಿಗೆಂದೇ ಇರುವ ಕಾರ್ಟ್ರಿಜ್ ಮತ್ತು ಎದುರುಬದುರು ತೆರೆದ ಗಾಳಿ ಬೇಕು.

ಅಂಟಿಸಲು ಪಾಲಿಯುರೆಥೇನ್ ಫೋಮ್ ಅಂಟು. ಸಮಯ ತಿಂದದ್ದು ಇದೇ. ಈ ಅಂಟು ಒಣಗಲು ತೇವ ಬೇಕು. ಅಗಲವಾದ ಎರಡು ಹಾಳೆಗಳ ನಡುವೆ ಒಳಭಾಗಕ್ಕೆ ಗಾಳಿಯ ತೇವ ತಲುಪದೆ ಅಂಟು ಅಂಟಾಗಿಯೇ ಉಳಿಯಿತು, ಕೆತ್ತುವಾಗ ಮೇಲಿನ ಪದರ ಜರುಗಿತು. ಎರಡೂ ಮುಖಗಳಿಗೆ ನೀರನ್ನು ಮಂಜಿನಂತೆ ಸಿಂಪಡಿಸಿ, ಅಂಟನ್ನು ಪೂರ್ತಿ ಬಳಿಯದೆ ಗೆರೆಗೆರೆಯಾಗಿ ಹಾಕಿ, ಮೇಲೆ ಭಾರವಿಟ್ಟು ರಾತ್ರಿ ಬಿಟ್ಟರೆ ಹಿಡಿಯುತ್ತದೆ. ಭಾರ ಇಡದಿದ್ದರೆ ಅಂಟು ಉಬ್ಬಿ ಹಾಳೆಯನ್ನು ಎತ್ತಿಬಿಡುತ್ತದೆ, 24 ಪದರಕ್ಕೆ ತಲಾ 2 ಮಿ.ಮೀ. ಎಂದರೆ ಒಟ್ಟು ಎತ್ತರದಲ್ಲಿ 5 ಸೆಂ.ಮೀ. ವ್ಯತ್ಯಾಸ.

ಇನ್ನೊಂದು: ಒಣಗಿದ ಈ ಅಂಟನ್ನು ಬಿಸಿತಂತಿ ಕತ್ತರಿಸುವುದಿಲ್ಲ. ಥರ್ಮೋಕೋಲ್ ಕರಗುತ್ತದೆ, ಅಂಟು ಕರಗುವುದಿಲ್ಲ, ತಂತಿ ಅಲ್ಲಿಗೆ ಬಂದು ನಿಲ್ಲುತ್ತದೆ. ಆದ್ದರಿಂದ ಅಂತಿಮ ಮೇಲ್ಮೈಯಿಂದ ಒಳಕ್ಕೆ ಕನಿಷ್ಠ 8 ಸೆಂ.ಮೀ. ಜಾಗದಲ್ಲಿ ಅಂಟು ಬೀಳಬಾರದು. ಹಾಳೆಯ ಮೇಲೆ ಆ ಗಡಿಯನ್ನು ಮಾರ್ಕರ್‌ನಲ್ಲಿ ಬರೆದುಕೊಂಡೇ ಅಂಟು ಹಾಕಿ. ಹೊರ ಅಂಚು ಸ್ವಲ್ಪ ಬಾಯ್ಬಿಟ್ಟರೂ ಲೇಪ ಅದನ್ನು ಹಿಡಿಯುತ್ತದೆ.

ಹಂತ 5: ಕೆತ್ತನೆ

ದೊಡ್ಡ ತುಂಡು ತೆಗೆಯಲು ಸಣ್ಣ ವಿದ್ಯುತ್ ಚೈನ್ ಗರಗಸ, ಎಣ್ಣೆ ಟ್ಯಾಂಕ್ ಖಾಲಿ ಮಾಡಿ, ಆಗಾಗ ನಿಲ್ಲಿಸಿ ತಣಿಸುತ್ತ. ಚೈನಿನ ಎಣ್ಣೆ ಥರ್ಮೋಕೋಲಿಗೆ ತಾಗಿದ ಕಡೆ ಲೇಪ ಹಿಡಿಯುವುದಿಲ್ಲ. ಆಮೇಲೆ ಉದ್ದನೆಯ ತೆಳು ಚೂರಿ, ತಂತಿ ಬ್ರಷ್, ತುರಿಮಣೆಯಂತಹ ಹಲ್ಲಿನ ಅರ, ಮರದ ಹಲಗೆಗೆ ಅಂಟಿಸಿದ 24 ಮತ್ತು 40 ನಂಬರಿನ ಉಪ್ಪುಕಾಗದ. ಚೂರಿಯನ್ನು ಆಗಾಗ ಮಸೆಯುತ್ತಿರಬೇಕು, ಮೊಂಡಾದರೆ ಮಣಿಗಳನ್ನು ಕತ್ತರಿಸದೆ ಕೀಳುತ್ತದೆ.

ಅಳತೆ ದಾಟಿಸಿದ್ದು ಕಡ್ಡಿಗಳಿಂದ. ಮಾದರಿಯಲ್ಲಿ ಮೂಗಿನ ತುದಿ, ಹುಬ್ಬಿನ ಮೂಳೆ, ಕೆನ್ನೆಮೂಳೆ, ಗಲ್ಲ, ಕಿವಿಯ ರಂಧ್ರ, ಬಾಯಿಯ ಮೂಲೆ ಹೀಗೆ ಸುಮಾರು 40 ಬಿಂದು. ಪ್ರತಿಯೊಂದಕ್ಕೂ ಎದುರಿನ ಲಂಬ ಕಡ್ಡಿಯಿಂದ ದೂರ ಅಳೆದು ಹತ್ತರಿಂದ ಗುಣಿಸಿ, ತುದಿಗೆ ಕೆಂಪು ಶಾಯಿ ಅದ್ದಿದ ಬಿದಿರು ಕಡ್ಡಿಯನ್ನು ಒರಟು ಗಡ್ಡೆಯೊಳಗೆ ಅಷ್ಟು ಆಳಕ್ಕೆ ಚುಚ್ಚಬೇಕು. ಕೆತ್ತುತ್ತಾ ಹೋದಂತೆ ಕೆಂಪು ಕಾಣಿಸಿದರೆ ನಿಲ್ಲಿಸುವುದು. ಮಾದರಿಯಲ್ಲಿ ಅರ್ಧ ಮಿ.ಮೀ. ತಪ್ಪಿದರೆ ಇಲ್ಲಿ 5 ಮಿ.ಮೀ., ಆದ್ದರಿಂದ ಕಡ್ಡಿಗಳ ಮಾತನ್ನು ಒರಟು ಆಕಾರದವರೆಗೆ ಮಾತ್ರ ಕೇಳಬೇಕು. ಕೊನೆಯ ತೀರ್ಮಾನ 3 ಮೀಟರ್ ಹಿಂದೆ ಹೋಗಿ, ಒಂದೇ ಓರೆ ದೀಪ ಹಚ್ಚಿ, ಕಣ್ಣಿನಿಂದ. ಬಿಳಿ ಥರ್ಮೋಕೋಲಿನಲ್ಲಿ ನೆರಳು ಚದುರಿ ಆಕಾರ ಕಾಣಿಸುವುದಿಲ್ಲ. ತೆಳುವಾದ ಬೂದು ನೀರುಬಣ್ಣ ಸಿಂಪಡಿಸಿಕೊಂಡರೆ ತಟ್ಟನೆ ತಪ್ಪುಗಳೆಲ್ಲ ಎದ್ದುನಿಲ್ಲುತ್ತವೆ. ಡಬ್ಬಿಯ ಸ್ಪ್ರೇ ಬಣ್ಣ ಬೇಡ, ಅದರ ದ್ರಾವಕ ಥರ್ಮೋಕೋಲನ್ನು ತಿನ್ನುತ್ತದೆ.

ಕೆತ್ತುವಾಗಲೇ ಲೇಪದ ಲೆಕ್ಕ ಹಿಡಿಯಬೇಕು. ಲೇಪ ಎಲ್ಲ ಕಡೆ 4 ಮಿ.ಮೀ. ಹೊರಗೆ ಬೆಳೆಸುತ್ತದೆ, ಹಾಗಾಗಿ ಒಂದು ಗೀರು ಎರಡೂ ಪಕ್ಕದಿಂದ ಒಟ್ಟು 8 ಮಿ.ಮೀ. ಕಿರಿದಾಗುತ್ತದೆ. 10 ಮಿ.ಮೀ. ಗೀರು ಕೆತ್ತಿದರೆ ಉಳಿಯುವುದು 2. ಮೇಲಿನ ರೆಪ್ಪೆಯ ಮಡಿಕೆ ಹೀಗೆಯೇ ಮುಚ್ಚಿಹೋಗಿ ಆಮೇಲೆ ಗ್ರೈಂಡರ್‌ನಲ್ಲಿ ಬಿಡಿಸಬೇಕಾಯಿತು. 12 ಮಿ.ಮೀ.ಗಿಂತ ಕಿರಿದಾದ ಯಾವುದನ್ನೂ ಥರ್ಮೋಕೋಲಿನಲ್ಲಿ ಕೆತ್ತಬೇಡಿ, ಲೇಪದಲ್ಲೇ ಕೆತ್ತಿ. ತುಟಿ, ಮೂಗಿನ ಹೊಳ್ಳೆಯ ಅಂಚುಗಳನ್ನು ಬೇಕಾದ್ದಕ್ಕಿಂತ ಹೆಚ್ಚು ಚೂಪಾಗಿ ಬಿಡಿ, ಲೇಪ ಅವನ್ನು ಮೊಂಡು ಮಾಡಿಯೇ ಮಾಡುತ್ತದೆ. ಕಣ್ಣಕುಳಿಯನ್ನು ಮಾದರಿಗಿಂತ ಕಾಲುಪಾಲು ಹೆಚ್ಚು ಆಳ ಮಾಡಿದ್ದು ನೆರಳಿಗಾಗಿ.

ಹಂತ 6: ಗಟ್ಟಿ ಲೇಪ

ಆಯ್ಕೆಗಳು ಮೂರು. ಪಾಲಿಯೂರಿಯಾ ಸ್ಪ್ರೇ ಬೇಗ ಮುಗಿಯುತ್ತದೆ, ಆದರೆ ಯಂತ್ರ ಬೇಕು, ಐಸೊಸಯನೇಟ್ ಆವಿಗೆ ಹೊರಗಾಳಿ ಕೊಡುವ ಮುಖವಾಡ ಬೇಕು, ಮೇಲ್ಮೈ ರಬ್ಬರಿನಂತಾಗಿ ಉಳಿ ಹಿಡಿಯುವುದಿಲ್ಲ. ಪಾಲಿಯೆಸ್ಟರ್ ರೆಸಿನ್ ಯೋಚಿಸಲೂ ಬಾರದು, ಅದರೊಳಗಿನ ಸ್ಟೈರೀನ್ ಥರ್ಮೋಕೋಲನ್ನು ಕರಗಿಸುತ್ತದೆ. ಎಪಾಕ್ಸಿ ಕರಗಿಸುವುದಿಲ್ಲ, ಆದರೆ 12.5 ಚದರ ಮೀಟರಿಗೆ ದುಬಾರಿ. ಇಲ್ಲಿ ಬಳಸಿದ್ದು ನೀರು ಆಧಾರಿತ ಅಕ್ರಿಲಿಕ್ ದ್ರವ ಮತ್ತು ಜಿಪ್ಸಮ್ ಪುಡಿಯ ಮಿಶ್ರಣ, ಅಂದರೆ 1984ರಲ್ಲಿ ಬ್ರಿಟನ್ನಿನಲ್ಲಿ ಪೀಟರ್ ಹಾಕಿನ್ಸ್ ರೂಪಿಸಿದ ಜೆಸ್ಮೊನೈಟ್. ಎಸಿ100 ಎಂಬ ಬಗೆಗೆ ತೂಕದಲ್ಲಿ 1 ಪಾಲು ದ್ರವಕ್ಕೆ 2.5 ಪಾಲು ಪುಡಿ. ಸುಮಾರು 100 ಕಿಲೋ ಮಿಶ್ರಣಕ್ಕೆ 29 ಕಿಲೋ ದ್ರವ, 71 ಕಿಲೋ ಪುಡಿ.

ಒಂದು ಸಲಕ್ಕೆ 3.5 ಕಿಲೋಗಿಂತ ಹೆಚ್ಚು ಕಲಸಬಾರದು. ದ್ರವ ಮೊದಲು ಬಕೆಟ್ಟಿಗೆ, ಅದರ ಮೇಲೆ ಪುಡಿ, ಡ್ರಿಲ್ಲಿಗೆ ಹಾಕಿದ ಕಲಕುಗಡ್ಡಿಯಿಂದ ಜೋರಾಗಿ. ತಿರುವುಮುರುವು ಮಾಡಿದರೆ ತಳದಲ್ಲಿ ಒಣ ಉಂಡೆ. ಕಲಸಿದ ಬಕೆಟ್ ಪೂರ್ತಿ ತೊಳೆಯದೆ ಮುಂದಿನದನ್ನು ಅದರಲ್ಲೇ ಹಾಕಿದರೆ ಹಳೆಯ ಗಟ್ಟಿ ಚೂರುಗಳು ಹೊಸದನ್ನು ಬೇಗ ಗಟ್ಟಿ ಮಾಡುತ್ತವೆ. ಮೂರು ಬಕೆಟ್ ಇಟ್ಟುಕೊಂಡು ಸರದಿಯಲ್ಲಿ ಬಳಸುವುದು ಪರಿಹಾರ.

ಮೊದಲ ಪದರ ಕುಂಚದಲ್ಲಿ 1 ಮಿ.ಮೀ., ಮಣಿಗಳ ಸಂದುಗಳಿಗೆ ತುಂಬುವಂತೆ ತಿಕ್ಕಿ. ಅದು ಹಸಿಯಿರುವಾಗಲೇ 20×20 ಸೆಂ.ಮೀ. ಗಾಜುನೂಲಿನ ತುಂಡುಗಳು, ಒಂದರ ಮೇಲೊಂದು 3 ಸೆಂ.ಮೀ. ಹೊದಿಸುತ್ತ, ಮೇಲೆ ಇನ್ನೊಂದು ಕೈ. ಮೂಗಿನ ತುದಿ, ಕಿವಿಯ ಹೊರಂಚು, ಸೀಳಿನ ತುಟಿ ಮತ್ತು ಒರಗುವ ದವಡೆಗೆ ಬಟ್ಟೆ ಎರಡು ಪದರ. ಬಟ್ಟೆಯಡಿ ಗಾಳಿ ಉಳಿದ ಕಡೆ ಬೆರಳಿನಿಂದ ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ, ಅಷ್ಟನ್ನು ಚಾಕುವಿನಿಂದ ಕತ್ತರಿಸಿ ತೆಗೆದು ತೇಪೆ ಹಾಕಲೇಬೇಕು. ಬಿಟ್ಟರೆ ದೀಪದ ಬಿಸಿಗೆ ಅದೇ ಜಾಗ ಉಬ್ಬುತ್ತದೆ.

ಮಿಶ್ರಣಕ್ಕೆ ಮೊದಲ ಬಕೆಟ್ಟಿನಿಂದಲೇ ಬೂದು ವರ್ಣಪುಡಿ ಸೇರಿಸಿದ್ದು ಇಡೀ ಕೆಲಸದ ಅತ್ಯುತ್ತಮ ತೀರ್ಮಾನ. ಸಾಗಣೆಯಲ್ಲಿ ಅಂಚು ಚಕ್ಕೆ ಎದ್ದರೂ ಒಳಗೆ ಬಿಳಿ ಕಾಣಿಸುವುದಿಲ್ಲ, ಮುರಿದ ಕಲ್ಲಿನಂತೆಯೇ ಕಾಣುತ್ತದೆ.

ಹಂತ 7: ಕಲ್ಲಿನ ಮೈ

ಆಕಾರ ಹಿಗ್ಗುತ್ತದೆ, ಮೈ ಹಿಗ್ಗದು ಎಂದದ್ದು ಇಲ್ಲಿಗೆ ಸಂಬಂಧಿಸಿದ್ದು. ಮಾದರಿಯಲ್ಲಿ ಹಲ್ಲುಳಿಯ ಗುರುತುಗಳನ್ನು 1 ಮಿ.ಮೀ. ಅಂತರದಲ್ಲಿ ಹಾಕಿತ್ತು, ನೋಡಿದವರೆಲ್ಲ ಮೆಚ್ಚಿದ್ದರು. ಅದನ್ನು ಹಾಗೇ ಹತ್ತು ಪಟ್ಟು ಮಾಡಿ ಕೆನ್ನೆಯ ಮೇಲೆ 1 ಸೆಂ.ಮೀ. ಅಂತರದ ಗೀರು ಎಳೆದಾಗ ತಲೆ ದೊಡ್ಡದಾಗಿ ಕಾಣುವ ಬದಲು ಆಟಿಕೆಯ ಹತ್ತಿರದ ಫೋಟೋದಂತೆ ಕಂಡಿತು. ಕಲ್ಲು ಕೆತ್ತುವವನ ಉಳಿ ತಲೆಯ ಗಾತ್ರಕ್ಕೆ ತಕ್ಕಂತೆ ದೊಡ್ಡದಾಗುವುದಿಲ್ಲ. 5 ಮೀಟರ್ ಮೂರ್ತಿಗೂ ಒಂದು ಅಡಿಯ ಮೂರ್ತಿಗೂ ಅದೇ ಉಳಿ, ಅದೇ ಕೈ. ಎಲ್ಲವನ್ನೂ ತುಂಬಿ ಮುಚ್ಚಿ, ನಿಜವಾದ ಹಲ್ಲುಳಿಯಿಂದಲೇ, 4ರಿಂದ 6 ಮಿ.ಮೀ. ಅಂತರದಲ್ಲಿ, ಅಂಗೈಯಷ್ಟಗಲದ ಪಟ್ಟಿಗಳಾಗಿ ದಿಕ್ಕು ಬದಲಿಸುತ್ತ ಎಳೆದ ಮೇಲೆ ತಲೆ ತನ್ನ ಗಾತ್ರಕ್ಕೆ ಬಂತು. ನೋಡುವವರ ಕಣ್ಣು ಗಾತ್ರವನ್ನು ಅಳೆಯುವುದು ಈ ಗುರುತುಗಳಿಂದಲೇ.

ಗೀರು ಎಳೆಯುವ ಹೊತ್ತು ಕಿರಿದು. ಲೇಪಕ್ಕೆ ಉಗುರು ಒತ್ತಿದರೆ ಗುರುತು ಬೀಳಬೇಕು, ಆದರೆ ಉಗುರಿಗೆ ಅಂಟಬಾರದು. ಬೇಗ ಮಾಡಿದರೆ ಅಂಚು ಎದ್ದು ಮಣ್ಣಿನ ಗೀರಿನಂತೆ ಕಾಣುತ್ತದೆ, ತಡವಾದರೆ ಉಳಿ ಜಾರುತ್ತದೆ. ಒಡೆದ ಮುಖಗಳಿಗೆ ಬೇರೆ ವಿಧಾನ: ನಿಜವಾದ ಒಡೆದ ಬಂಡೆಯ ಮೇಲೆ ಸಿಲಿಕೋನ್ ಬಳಿದು ತೆಗೆದ ಒತ್ತಚ್ಚುಗಳು. ಒಂದೇ ಅಚ್ಚನ್ನು ಎರಡು ಕಡೆ ಅಕ್ಕಪಕ್ಕ ಒತ್ತಿದರೆ ಕ್ಯಾಮೆರಾ ಕಂಡುಹಿಡಿಯುತ್ತದೆ. ಬೇರೆ ಬೇರೆ ಅಚ್ಚುಗಳನ್ನು ತಿರುಗಿಸುತ್ತ, ಅಂಚುಗಳನ್ನು ಒದ್ದೆ ಸ್ಪಂಜಿನಲ್ಲಿ ಬೆರೆಸಬೇಕು.

ಸವೆತಕ್ಕೂ ತರ್ಕ ಬೇಕು. ಮಳೆ ಬೀಳುವ ನೆತ್ತಿ, ಮೂಗಿನ ಮೇಲ್ಭಾಗ, ಕೆಳತುಟಿ ನುಣುಪು. ಹುಬ್ಬಿನಡಿ, ಗಲ್ಲದಡಿ, ಕಿವಿಯ ಹಿಂದೆ ಉಳಿಯ ಗುರುತು ಚೂಪಾಗಿ ಉಳಿದಿರಬೇಕು. ಎಲ್ಲ ಕಡೆ ಒಂದೇ ರೀತಿ ಒರಟು ಮಾಡಿದರೆ ಹಳೆಯ ಕಲ್ಲು ಎನಿಸದು, ಬರೀ ಗಾರೆ ಎನಿಸುತ್ತದೆ.

ಹಂತ 8: ಬಣ್ಣ, ಸಾಗಣೆ

ಬಣ್ಣ ಬಣ್ಣದವರ ಕೆಲಸ, ಇಲ್ಲಿ ಎರಡೇ ಮಾತು. ಹೊಳಪಿಲ್ಲದ ನೀರುಬಣ್ಣ, ನಡುವಣ ಬೂದಿನ ಮೇಲೆ ಮೂರು ಬಣ್ಣದ ಸಿಡಿಸುವಿಕೆ, ತಗ್ಗುಗಳಿಗೆ ತೆಳು ಕಂದು ನೀರು, ಉಬ್ಬುಗಳಿಗೆ ಒಣ ಕುಂಚ. ಶುದ್ಧ ಕಪ್ಪು, ಶುದ್ಧ ಬಿಳಿ ಎಲ್ಲೂ ಬೇಡ.

ಎರಡೂ ಭಾಗಗಳ ಸೀಳಿನ ತುಟಿಗೆ ದಪ್ಪ ಫೋಮ್ ಕಟ್ಟಿ ಸಾಗಿಸಬೇಕು, ಏಟು ಬೀಳುವುದು ಅಲ್ಲಿಗೇ. ಜೊತೆಗೆ ತೇಪೆ ಪೆಟ್ಟಿಗೆ: ತೂಗಿಟ್ಟ 500 ಗ್ರಾಂ ದ್ರವ, 1,250 ಗ್ರಾಂ ಪುಡಿ, ಬೂದು ವರ್ಣ, ಗಾಜುನೂಲು, ಒಂದು ಒತ್ತಚ್ಚು, ಹಲ್ಲುಳಿ, ಹೆಸರು ಬರೆದ ಬಣ್ಣದ ಡಬ್ಬಿಗಳು. ಶೂಟಿಂಗ್ ನಡುವೆ ತೇಪೆ ಹಾಕುವವರು ಬೇರೆಯವರಾಗಿರುತ್ತಾರೆ, ಅಳತೆಯನ್ನು ಮುಚ್ಚಳದ ಮೇಲೇ ಬರೆಯಿರಿ.

ಹಂತ 9: ಸ್ವಂತ ತಲೆಯ ಅಚ್ಚು

24 ಸೆಂ.ಮೀ. ಎತ್ತರದ, ಸುಕ್ಕುಗಟ್ಟಿದ ಮುದುಕಿಯ ತಲೆ, ಅದೇ ಬಗೆಯ ಒಳಗಂಬಿ ಮೇಲೆ. ಸೆಟ್ ಕೆಲಸದ ಕೈ ಇಲ್ಲಿ ಅಡ್ಡ ಬರುತ್ತದೆ: ಒರಟು ಮೈ ಕಲ್ಲಿಗೆ ಚೆಂದ, ಕಂಚಿನಲ್ಲಿ ಪ್ರತಿ ಒರಟಿಗೂ ಒಂದು ಹೊಳಪುಚುಕ್ಕೆ ಹುಟ್ಟಿ ಸುಕ್ಕಿನ ಗೆರೆಗಳು ಕಳೆದುಹೋಗುತ್ತವೆ. ಹಲ್ಲಿನ ಸಲಕರಣೆಯ ಗುರುತುಗಳನ್ನೆಲ್ಲ ಟರ್ಪೆಂಟೈನ್ ತಾಗಿಸಿದ ಮೆತ್ತನೆ ಕುಂಚದಿಂದ ನುಣುಪು ಮಾಡಿ, ಚರ್ಮದ ರಂಧ್ರಗಳನ್ನು ತೆಳು ಪ್ಲಾಸ್ಟಿಕ್ ಹಾಳೆ ಹೊದಿಸಿ ಅದರ ಮೇಲಿನಿಂದ ಒತ್ತಿದ್ದು. ಹಾಳೆ ಇಲ್ಲದೆ ಒತ್ತಿದರೆ ರಂಧ್ರದ ಸುತ್ತ ಅಂಚು ಏಳುತ್ತದೆ. ದ್ರಾವಕ ಪೂರ್ತಿ ಆರುವವರೆಗೆ ಸಿಲಿಕೋನ್ ಹಾಕಬಾರದು.

ಪ್ಲಾಟಿನಂ ಸಿಲಿಕೋನ್, ಗಡಸುತನ ಶೋರ್ ಎ ಮಾಪಕದಲ್ಲಿ 20ರಿಂದ 25. ಮೇಲ್ಮೈ 0.125 ಚದರ ಮೀಟರ್, ದಪ್ಪ 7 ಮಿ.ಮೀ., ಲೆಕ್ಕಕ್ಕೆ ಒಂದು ಕಿಲೋ. ಬುಡದ ಅಂಚು, ಗುರುತುಗುಬ್ಬಿಗಳು ಸೇರಿ 1.3 ಕಿಲೋ. ಪ್ಲಾಟಿನಂ ಸಿಲಿಕೋನಿಗೆ ಗಂಧಕ ಆಗದು: ಗಂಧಕವಿರುವ ಮಣ್ಣು ಅಥವಾ ಲೇಟೆಕ್ಸ್ ಕೈಗವಸು ತಾಗಿದ ಕಡೆ ಅದು ಗಟ್ಟಿಯಾಗದೆ ಜಿಗುಟಾಗಿ ಉಳಿಯುತ್ತದೆ. ಮಣ್ಣಿನ ಪೊಟ್ಟಣದ ಮೇಲೆ ‘ಗಂಧಕರಹಿತ’ ಎಂದಿದ್ದರೂ, ಹಿಂದೆ ಬೇರೆ ಮಣ್ಣಿಗೆ ಬಳಸಿದ ಸಲಕರಣೆಯಿಂದ ಗಂಧಕ ಅಂಟಿಬರಬಹುದು. ಕಿವಿಯ ಹಿಂದೆ 20 ಗ್ರಾಂ ಬಳಿದು ಮೊದಲು ಪರೀಕ್ಷಿಸಿ. ಅನುಮಾನವಿದ್ದರೆ ತವರ ವೇಗವರ್ಧಕದ ಸಿಲಿಕೋನ್ ಬಳಸಬಹುದು, ಅದಕ್ಕೆ ಗಂಧಕದ ಭಯವಿಲ್ಲ, ಆದರೆ ಸ್ವಲ್ಪ ಕುಗ್ಗುತ್ತದೆ, ಅಚ್ಚಿನ ಆಯಸ್ಸೂ ಕಡಿಮೆ.

ಮೊದಲ ಕೈ ತೆಳುವಾಗಿ, ಮಂದಕಾರಕ (ಹರಿದುಹೋಗದಂತೆ ಮಂದ ಮಾಡುವ ಬೆರಕೆ) ಹಾಕದೆ, ಊದುಗೊಳವೆಯಿಂದ ಗಾಳಿ ಬಿಟ್ಟು ಸುಕ್ಕುಗಳೊಳಗೆ ಓಡಿಸುತ್ತ. ಅದು ಬೆರಳಿಗೆ ಅಂಟುವ ಆದರೆ ಕೈಗೆ ಬಾರದ ಹದಕ್ಕೆ ಬಂದಾಗ ಎರಡನೆಯದು, ಹೀಗೆ ನಾಲ್ಕು. ಎರಡನೆಯದರಿಂದ ಮಂದಕಾರಕ ಸೇರಿಸಿದರೆ ಗಲ್ಲದಿಂದ ಇಳಿದುಹೋಗುವುದಿಲ್ಲ. ಮೂಗಿನ ಹೊಳ್ಳೆ, ಕಿವಿಯ ಹಿಂದಿನ ಒಳಕೊರೆತಗಳನ್ನು ಹೊರಗಿನಿಂದ ಸಿಲಿಕೋನಿನಲ್ಲೇ ತುಂಬಿ ನೇರ ಮಾಡಬೇಕು, ಇಲ್ಲವಾದರೆ ಹೊರಗವಚ ಅಲ್ಲಿ ಸಿಕ್ಕಿಕೊಳ್ಳುತ್ತದೆ.

ಹೊರಗವಚ ಪ್ಲಾಸ್ಟರ್ ಆಫ್ ಪ್ಯಾರಿಸ್ ಮತ್ತು ನಾರು, ಎರಡು ಭಾಗ, 12 ಮಿ.ಮೀ. ದಪ್ಪ, ಹಸಿ ತೂಕ ಸುಮಾರು 3.5 ಕಿಲೋ. ಕಿವಿಗಳ ಹಿಂದೆ ಹಾದುಹೋಗುವ ಮಣ್ಣಿನ ಗೋಡೆ, ಅದರಲ್ಲಿ ಗುಂಡನೆಯ ಕೀಲಿ ಗುಳಿಗಳು, ಮೊದಲ ಭಾಗ ಗಟ್ಟಿಯಾದ ಮೇಲೆ ಅಂಚಿಗೆ ವ್ಯಾಸಲೀನ್, ಆಮೇಲೆ ಎರಡನೆಯದು. ಸಿಲಿಕೋನನ್ನು ತಲೆಯ ಹಿಂಭಾಗದಲ್ಲಿ ಮಾತ್ರ, ಬುಡದಿಂದ ನೆತ್ತಿಯವರೆಗೆ ಅಂಕುಡೊಂಕಾಗಿ ಸೀಳಿದ್ದು. ನೇರ ಸೀಳು ಮುಚ್ಚುವಾಗ ಮೇಲೆ ಕೆಳಗೆ ಜರುಗುತ್ತದೆ, ಅಂಕುಡೊಂಕಿನದು ತನ್ನ ಜಾಗಕ್ಕೆ ತಾನೇ ಕೂರುತ್ತದೆ.

ಹಂತ 10: ಕಂಚುಪುಡಿ ಎರಕ

ಒಣ ಅಚ್ಚಿನೊಳಗೆ ಮೊದಲು ಕಂಚುಪುಡಿಯನ್ನು ಮೆತ್ತನೆ ಕುಂಚದಿಂದ ಉಜ್ಜಿ, ಹೆಚ್ಚಾದದ್ದನ್ನು ತಟ್ಟಿ ತೆಗೆಯುವುದು. ಪುಡಿ ಹಾರುತ್ತದೆ, ಧೂಳು ತಡೆಯುವ ಮುಖವಾಡ ಬೇಕು. ಆಮೇಲೆ 6-7 ನಿಮಿಷ ಸಮಯ ಕೊಡುವ ಪಾಲಿಯುರೆಥೇನ್ ರೆಸಿನ್ 100 ಗ್ರಾಂ, ಕಂಚುಪುಡಿ 175 ಗ್ರಾಂ. ಇಷ್ಟಕ್ಕೆ ಸುಮಾರು 115 ಮಿ.ಲೀ. ಆಗುತ್ತದೆ, ಇಡೀ ಮೈಗೆ 1 ಮಿ.ಮೀ.ಗೆ ತುಸು ಕಡಿಮೆ ದಪ್ಪ. ಎರಡು ನಿಮಿಷದಲ್ಲಿ ಗಟ್ಟಿಯಾಗುವ ರೆಸಿನ್ ಈ ಪದರಕ್ಕೆ ಬೇಡ, ಕುಂಚ ಕಿವಿ ತಲುಪುವ ಮೊದಲೇ ಬಟ್ಟಲಲ್ಲಿ ಕಲ್ಲಾಗುತ್ತದೆ.

ಮೊದಲ ಎರಕದಲ್ಲಿ ಒಂದು ಕೆನ್ನೆ ಕಂಚು, ಇನ್ನೊಂದು ಕಂದು ಪ್ಲಾಸ್ಟಿಕ್. ಕಂಚಿನ ಪುಡಿ ಭಾರ, ಮಿಶ್ರಣ ತೆಳುವಾಗಿದ್ದರೆ ಕೆಳಗಿರುವ ಪಕ್ಕಕ್ಕೆ ಇಳಿದು ಕೂರುತ್ತದೆ. ಮಿಶ್ರಣ ಕುಂಚದಿಂದ ತೊಟ್ಟಿಕ್ಕದಷ್ಟು ಮಂದವಾಗುವವರೆಗೆ ಹೊಗೆ ಸಿಲಿಕಾ ಎಂಬ ಹಗುರ ಪುಡಿ ಸೇರಿಸಿ, ಗಟ್ಟಿಯಾಗುವವರೆಗೆ ಅಚ್ಚನ್ನು ತಿರುಗಿಸುತ್ತಲೇ ಇದ್ದಾಗ ಎರಡನೆಯದು ಸಮವಾಗಿ ಬಂತು. ಬೆನ್ನಿಗೆ 4 ಮಿ.ಮೀ. ರೆಸಿನ್, ಒಟ್ಟು 525 ಗ್ರಾಂ, ತಲಾ 175ರಂತೆ ಮೂರು ಸಲ ಸುರಿದು ಹೊರಳಿಸಿದ್ದು. ಒಂದೇ ಸಲ ಸುರಿದರೆ ತಳದಲ್ಲಿ ಗುಂಪಾಗಿ ಬಿಸಿ ಏರುತ್ತದೆ, ನೆತ್ತಿ ಕುಗ್ಗುತ್ತದೆ. ತೇವವಿರುವ ದಿನ ಈ ರೆಸಿನ್ ನೊರೆ ಏಳುತ್ತದೆ. ಪುಡಿ, ಕುಂಚ, ಬಟ್ಟಲು ಎಲ್ಲ ಒಣಗಿರಬೇಕು.

ಬೆನ್ನಿನ ರೆಸಿನ್ನಿಗೆ ಗಾಢ ಕಂದು ವರ್ಣ ಹಾಕಲೇಬೇಕು. ಮೂಗಿನ ತುದಿಯಲ್ಲಿ ಉಜ್ಜುವಾಗ ಕಂಚಿನ ಪದರ ಸವೆದರೆ ಒಳಗಿನದು ಕಂದಾಗಿದ್ದರೆ ಹಳೆಯ ಕಂಚಿನಂತೆ ಕಾಣುತ್ತದೆ, ಬಿಳಿಯಾಗಿದ್ದರೆ ಎರಕ ಹಾಳು.

ಅಚ್ಚಿನಿಂದ ಬಿಡಿಸಿದಾಗ ತಲೆ ಮಂಕು ಕಂದು, ಕಂಚೇ ಇಲ್ಲವೇನೋ ಎನಿಸುತ್ತದೆ. ಪುಡಿಯ ಮೇಲಿರುವ ರೆಸಿನ್ನಿನ ತೆಳು ಪೊರೆ ಹರಿಯಬೇಕು: ಅತಿ ನುಣುಪಾದ 0000 ಉಕ್ಕಿನ ಉಣ್ಣೆಯಿಂದ, ವೃತ್ತಾಕಾರವಾಗಿ, ಉಬ್ಬುಗಳ ಮೇಲೆ ಮಾತ್ರ. ಉಕ್ಕಿನ ಎಳೆಗಳು ಸುಕ್ಕುಗಳಲ್ಲಿ ಉಳಿದರೆ ತುಕ್ಕು ಹಿಡಿಯುತ್ತವೆ. ಅಯಸ್ಕಾಂತದಿಂದ ಹೆಕ್ಕಿ, ಗಾಳಿ ಊದಿ ತೆಗೆಯಿರಿ. ಮೂರ್ತಿ ಹೊರಗಿಡುವುದಾದರೆ ನೈಲಾನ್ ಪ್ಯಾಡ್ ಬಳಸಿ. ಕೊನೆಗೆ ಕಪ್ಪು ಮೇಣ ಹಚ್ಚಿ, ಉಬ್ಬುಗಳಿಂದ ಒರೆಸಿ ತಗ್ಗುಗಳಲ್ಲಿ ಬಿಟ್ಟದ್ದು. ಬುಡಕ್ಕೆ ರೆಸಿನ್ನಿನಲ್ಲಿ ಕಲಸಿದ ಒಣ ಮರಳು 600 ಗ್ರಾಂ ತುಂಬಿ ಎಂ8 ನಟ್ಟು ಹುದುಗಿಸಿದರೆ ತೂಕವೂ ಬರುತ್ತದೆ, ಪೀಠಕ್ಕೆ ಬಿಗಿಯಲೂ ಆಗುತ್ತದೆ.

ಅಚ್ಚನ್ನು ಖಾಲಿ ಇಡಬಾರದು. ಕೆಟ್ಟ ಮೊದಲ ಎರಕವನ್ನೇ ಒಳಗಿಟ್ಟು, ಹೊರಗವಚ ಕಟ್ಟಿ, ಬುಡ ಕೆಳಗಾಗಿ ಕಪಾಟಿನಲ್ಲಿದೆ. ಕವಚದ ಮೇಲೆ ಸಿಲಿಕೋನಿನ ಬಗೆ, ತಿಂಗಳು, ಪ್ರತಿ ಪದರದ ಗ್ರಾಂಗಳನ್ನು ಬರೆದಿದೆ. ಎಡ ಕಿವಿಯ ಹಾಲೆಯಲ್ಲಿ ಗಾಳಿಗುಳ್ಳೆ ಎರಡೂ ಎರಕದಲ್ಲಿ ಅದೇ ಜಾಗಕ್ಕೆ ಬಂದಿದೆ. ಮುಂದಿನ ಎರಕಕ್ಕೆ ಮೊದಲು ಅಚ್ಚನ್ನು ಆ ಕಿವಿ ಕೆಳಗಾಗಿ ವಾಲಿಸಿ, ಹಾಲೆಗೆ ಪ್ರತ್ಯೇಕವಾಗಿ ಸೂಜಿಯಿಂದ ರೆಸಿನ್ ಹಾಕಬೇಕು.